ಏಳು ಡಬ್ಬಗಳಲ್ಲಿ ಒಂದು ದನಿ

ನಮ್ಮ ಮೇಜಿಗೆ ಬಂದ ವಸ್ತುವಿಗೆ ಹೆಸರಿಲ್ಲ. ಅದು ನಮ್ಮ ಕಸುಬಿನ ಮೊದಲ ಪಾಠ. ಟಿವಿ ಎನ್ನಬಾರದು; ಗಾಜು, ತಾಮ್ರ, ಪ್ಲಾಸ್ಟಿಕ್ ಎನ್ನಬೇಕು. ಅದು ಯಾರ ಮನೆಯಲ್ಲಿತ್ತು, ಯಾವ ಮದುವೆಗೆ ಉಡುಗೊರೆಯಾಗಿ ಬಂದಿತ್ತು ಎಂದೆಲ್ಲ ಯೋಚಿಸುತ್ತ ಕೂತರೆ ಸಂಜೆಯಾದರೂ ಒಂದು ಮೂಟೆ ಮುಗಿಯುವುದಿಲ್ಲ. ಈ ಪಾಠವನ್ನು ಉಳಿದ ಹೆಂಗಸರಿಗೆ ಹೇಳಿಕೊಟ್ಟವಳು ನಾನೇ. ಸ್ಕ್ರೂಡ್ರೈವರ್ ಹಿಡಿದರೆ ಇಡೀ ಲೋರಿಕಾ ಊರಿನಲ್ಲಿ ನನ್ನಷ್ಟು ಬೇಗ ಬಿಚ್ಚುವವರು ಇಲ್ಲ. ಹೀಗೆ ಜಂಬ ಕೊಚ್ಚಿಕೊಳ್ಳುವುದು ನನ್ನ ಹುಟ್ಟುಗುಣ. ಆ ಜಂಬಕ್ಕೆ ಸರಿಯಾದ ಪೆಟ್ಟು ಬಿದ್ದ ಕತೆಯನ್ನೇ ಈಗ ಹೇಳಹೊರಟಿದ್ದೇನೆ.

ಕೆಟ್ಟ ಯಂತ್ರಗಳನ್ನು ಬಿಚ್ಚಿ ಮಾರುವ ನಮ್ಮ ಹೆಂಗಸರ ಸಂಘದ ಶೆಡ್ ಇರುವುದು ಮಾರುಕಟ್ಟೆಯ ಹಿಂದೆ, ಸಿನೂ ನದಿಯ ದಂಡೆಯಲ್ಲಿ. ಒಂದು ಕಾಲದಲ್ಲಿ ಅದು ಅಕ್ಕಿ ಗಿರಣಿಯಾಗಿತ್ತು. ಅಲ್ಲಿ ಉದ್ದದ ಮೇಜು, ಮೇಜಿನ ಸುತ್ತ ನಾವು ನಾಲ್ಕು ಹೆಂಗಸರು, ಮೇಜಿನ ಕೆಳಗೆ ಏಳು ತಗಡಿನ ಡಬ್ಬ. ತಾಮ್ರಕ್ಕೊಂದು, ಕಬ್ಬಿಣಕ್ಕೆ ಮತ್ತು ಸ್ಕ್ರೂಗಳಿಗೊಂದು, ಪ್ಲಾಸ್ಟಿಕ್ಕಿಗೊಂದು, ಅಯಸ್ಕಾಂತಕ್ಕೊಂದು, ರಬ್ಬರಿಗೊಂದು, ಬೆಂಕಿ ಹತ್ತಬಾರದೆಂದು ಮರಳು ತುಂಬಿದ ಬ್ಯಾಟರಿ ಡಬ್ಬ ಒಂದು, ಇನ್ನು ಯಂತ್ರದೊಳಗಿನ ಹಸಿರು ಸರ್ಕ್ಯೂಟ್ ಬೋರ್ಡುಗಳಿಗೊಂದು. ಬೋರ್ಡುಗಳ ಡಬ್ಬ ತುಂಬಿದಾಗ ಅದನ್ನು ಮೂಟೆಗೆ ಹಾಕಿ ಇಡುತ್ತೇವೆ. ಮೂರು ತಿಂಗಳಿಗೊಮ್ಮೆ ಬರಾಂಕಿಯಾ ನಗರದಿಂದ ಲಾರಿ ಬಂದು ಒಯ್ಯುತ್ತದೆ.

ಊರಿಗೆಲ್ಲ ನಮ್ಮ ವಿಷಯ ಗೊತ್ತಾಗುವಂತೆ ಮಾಡಿದವರು ಸೆನ್ಯೋರ್ ಎಲಿಯೆಸೆರ್ ದೋರಿಯಾ. ಅವರ ಕೆಲಸ ಕೂಗುವುದು. ಮೂರು ಗಾಲಿಯ ಗಾಡಿಯ ಮೇಲೆ ಎರಡು ದೊಡ್ಡ ಧ್ವನಿವರ್ಧಕ ಕಟ್ಟಿಕೊಂಡು ನಲವತ್ತು ವರ್ಷ ಅವರು ಈ ಊರಿನ ಬೀದಿ ಬೀದಿ ಸುತ್ತಿದ್ದಾರೆ. ನಾಳೆ ನೀರು ಬರುವುದಿಲ್ಲ ಎಂದೂ ಅವರೇ ಕೂಗಬೇಕು, ಯಾರದೋ ಹಂದಿ ಕಳೆದಿದೆ ಎಂದೂ ಅವರೇ ಕೂಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಸಾವಿನ ಸುದ್ದಿ. ನಮ್ಮಲ್ಲಿ ಒಬ್ಬರು ತೀರಿಕೊಂಡರೆಂದರೆ ಗಾಡಿ ಮೂಲೆ ಮೂಲೆಗೂ ನಿಂತು ಅವರ ಪೂರ್ತಿ ಹೆಸರನ್ನು, ಅಪ್ಪನ ಕಡೆಯ ಮತ್ತು ಅಮ್ಮನ ಕಡೆಯ ಎರಡೂ ಮನೆತನಗಳ ಸಮೇತ, ಹೇಳಿ ಮಣ್ಣಿಗೆ ಕರೆಯುತ್ತದೆ. ಬದುಕಿರುವವರ ಹೆಸರನ್ನು ಹಾಗೆ ಪೂರ್ತಿಯಾಗಿ ಯಾರೂ ಕೂಗುವುದಿಲ್ಲ.

ನನ್ನ ಅಮ್ಮ ಹಳೆಯ ತಿಪ್ಪೆಯಲ್ಲಿ ತಗಡು, ಸೀಸೆ ಆಯುತ್ತಿದ್ದವಳು. ಊರೆಲ್ಲ ಅವಳನ್ನು ‘ಗುಜರಿ’ ಎಂದೇ ಕರೆಯುತ್ತಿತ್ತು. ಅಂಗಡಿಯವನೂ ಗುಜರಿ, ಪಾದ್ರಿಯೂ ಗುಜರಿ. ಕೊನೆಕೊನೆಗೆ ಅವಳೂ ಬಾಗಿಲು ತಟ್ಟಿ "ನಾನು, ಗುಜರಿ" ಎನ್ನುತ್ತಿದ್ದಳು. ಅವಳು ಸತ್ತ ದಿನ ಕೂಗಿಸಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಎಲಿಯೆಸೆರ್ ತಾವಾಗಿಯೇ ಮನೆಗೆ ಬಂದರು. "ಅವರ ಪೂರ್ತಿ ಹೆಸರು ಹೇಳಮ್ಮ" ಅಂದರು. ನನಗೆ ಒಂದು ಕ್ಷಣ ನೆನಪೇ ಆಗಲಿಲ್ಲ. ಗುರುತಿನ ಚೀಟಿ ಹುಡುಕಿ ತಂದು ಕೊಟ್ಟೆ. ಹತ್ತು ನಿಮಿಷದಲ್ಲಿ ಬೀದಿಯಲ್ಲಿ ಆ ಗಟ್ಟಿ ಗಂಟಲು ಕೇಳಿತು: "ಸೆನ್ಯೋರಾ ಫೆಲಿಪಾ ಬಯೆಸ್ತಾ ಹೇನೆಸ್ ಅವರು ಇಂದು ಬೆಳಿಗ್ಗೆ ಪ್ರಭುವಿನ ಸನ್ನಿಧಿ ಸೇರಿದ್ದಾರೆ."

ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಯಾರಪ್ಪ ಈ ಸೆನ್ಯೋರಾ, ಯಾವ ದೊಡ್ಡಮನೆಯ ಅಮ್ಮಾವ್ರು? ಎಷ್ಟೋ ಜನ ಅದನ್ನು ತಿಳಿಯಲೆಂದೇ ನಮ್ಮ ಬಾಗಿಲಿಗೆ ಬಂದರು, ಪೆಟ್ಟಿಗೆಯೊಳಗೆ ಇಣುಕಿದರು, ಗುಜರಿಯನ್ನು ಕಂಡು ನಾಚಿಕೊಂಡು ಅಲ್ಲೇ ಕೂತರು. ಅಷ್ಟು ಜನ ಸೇರಿದ್ದರಿಂದ ಸ್ಮಶಾನದವರೆಗೆ ಹೆಗಲು ಬದಲಾಯಿಸಲು ಆಳುಗಳಿಗೆ ಕೊರತೆಯಾಗಲಿಲ್ಲ. ಆ ಒಂದು ಉಪಕಾರವನ್ನು ನಾನು ಹತ್ತೊಂಬತ್ತು ವರ್ಷ ಎದೆಯಲ್ಲಿಟ್ಟುಕೊಂಡು ಬಂದೆ. ತೀರಿಸಲು ದಾರಿ ಗೊತ್ತಿರಲಿಲ್ಲ.

ಆಮೇಲೆ ಅವರ ಗಂಟಲಿಗೇ ಕ್ಯಾನ್ಸರ್ ಬಂತು. ಮೊಂತೆರಿಯಾದ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಹನ್ನೊಂದು ತಿಂಗಳು ಅವರು ಮನೆಯಿಂದ ಹೊರಗೆ ಬರಲಿಲ್ಲ. ಅವರ ಹೆಂಡತಿ ನಿಕೊಲಾಸಾ ಕಚೇರಿಯಿಂದ ಕಚೇರಿಗೆ ಅಲೆದು, ಕೊನೆಗೆ ನ್ಯಾಯಾಧೀಶರಿಗೆ ಅರ್ಜಿ ಹಾಕಿ ಸರ್ಕಾರದ ಖರ್ಚಿನಲ್ಲಿ ಒಂದು ಯಂತ್ರ ಕೊಡಿಸಿದರು. ಗದ್ದದ ಕೆಳಗೆ ಒತ್ತಿ ಹಿಡಿದರೆ ಅದು ಗುಂಯ್ ಎಂದು ನಡುಗುತ್ತದೆ; ಬಾಯಿ ಆ ನಡುಕವನ್ನು ಮಾತಾಗಿ ತಿದ್ದುತ್ತದೆ. ಏರಿಲ್ಲ, ಇಳಿವಿಲ್ಲ, ಒಂದೇ ಶ್ರುತಿಯ ತಗಡಿನ ಮಾತು. ಮಕ್ಕಳು ಕುತ್ತಿಗೆಗೆ ಚಮಚ ಒತ್ತಿಕೊಂಡು ಅವರನ್ನು ಅಣಕಿಸುತ್ತಿದ್ದರು. ಅವರಿಗೆ ಅದರಿಂದ ಬೇಸರವಾಗಲಿಲ್ಲ, ಖುಷಿಯೇ ಆಯಿತು.

ಒಂದು ದಿನ ಶೆಡ್ಡಿಗೆ ಬಂದು, ಮುಷ್ಟಿಯನ್ನು ಗಂಟಲಿಗೆ ಒತ್ತಿಕೊಂಡು, "ಎದಿಲ್ಮಾ, ನಿಮ್ಮ ಸಂಘದ ವಿಷಯ ನಾನೇ ಕೂಗ್ತೀನಿ. ಸತ್ತ ಮಷೀನುಗಳನ್ನ ಕರೆಯೋಕೆ ಮಷೀನಿನ ದನಿಯೇ ಸರಿ" ಅಂದರು.

ಅಂದಿನಿಂದ ಊರು ಕೇಳಿದ್ದೇ ಕೇಳಿದ್ದು: "ಕೆಟ್ಟ ಫೋನು, ಕೆಟ್ಟ ಫ್ಯಾನು, ಕೆಟ್ಟ ಇಸ್ತ್ರಿಪೆಟ್ಟಿಗೆ ನದಿಗೆ ಎಸೀಬೇಡಿ. ಸಂಘದ ಹೆಂಗಸರಿಗೆ ಕೊಡಿ. ಮಾತಾಡದ ವಸ್ತು ಮನೇಲಿ ಇಟ್ಕೋಬೇಡಿ." ಅವರ ಮಾತು ಕೇಳಿ ಜನ ಹಾಸಿಗೆಯ ಕೆಳಗಿಂದ, ಅಟ್ಟದ ಮೇಲಿಂದ ಎಲ್ಲವನ್ನೂ ಕೆದಕಿ ತಂದರು. ಮೊದಲು ಸೇತುವೆಯ ಕೆಳಗೆ ಟಿವಿಗಳು ತೇಲುತ್ತಿದ್ದವು. ಈಗ ಅಲ್ಲಿ ಮೀನು ಹಿಡಿಯುವವರಿಗೆ ಮೀನೇ ಸಿಗುತ್ತದೆ.

ಅವರ ಮಾತನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಕೇಳಿದವರು ಅವರ ಹೆಂಡತಿಯೇ.

ಅದು ಲಾರಿ ಬರುವ ಶುಕ್ರವಾರ. ಮಧ್ಯಾಹ್ನ ಊರೆಲ್ಲ ಮಲಗಿದ ಹೊತ್ತಿನಲ್ಲಿ ನಮ್ಮ ಲೂದಿಸ್ ಕೈಗಾಡಿ ತಳ್ಳಿಕೊಂಡು ಅವರ ಬೀದಿಗೆ ಹೋಗಿದ್ದಳು. ನಿಕೊಲಾಸಾ ಒಂದು ಚೀಲ ಕೊಟ್ಟರು. ಅದರಲ್ಲಿ ಒಂದು ನೀಲಿ ರೇಡಿಯೋ, ಮೂರು ರಿಮೋಟು, ಒಂದು ಹಳೇ ಫೋನು, ಅಂಗೈಯುದ್ದದ ಒಂದು ಬೂದುಬಣ್ಣದ ಯಂತ್ರ. ಲೂದಿಸ್ ಚೀಲವನ್ನು ತಂದು ಮೇಜಿನ ಮೇಲೆ ಸುರಿದಳು.

ನಾನು ಆ ಬೂದುಬಣ್ಣದ್ದನ್ನು ಎತ್ತಿಕೊಂಡು ತಿರುವಿ ನೋಡಿದೆ. "ಗಡ್ಡ ಹೆರೆಯೋ ಮಷೀನು. ಬ್ಲೇಡೇ ಇಲ್ಲ."

"ಗುಂಡಿ ಒತ್ತೇ ಎದಿ, ನೋಡೋಣ" ಅಂದಳು ಲೂದಿಸ್.

ಒತ್ತಿದೆ. ಗುಂಯ್ ಅಂದಿತು.

"ಅಯ್ಯೋ, ಜೀವ ಇದೆ ಕಣೇ ಇದಕ್ಕೆ."

"ಗುಂಯ್ ಅಂದಿದ್ದಕ್ಕೆಲ್ಲ ಜೀವ ಇರೋದಾದ್ರೆ ಸೊಳ್ಳೆಗೂ ಹೆಸರಿಡಬೇಕಾಗುತ್ತೆ. ಲಾರಿ ಬರೋ ಹೊತ್ತಾಯ್ತು, ಕೈ ಓಡ್ಸು."

ಎರಡು ಸ್ಕ್ರೂ ಬಿಚ್ಚಿದೆ. ಮೂರನೆಯದು ಜಗ್ಗಲಿಲ್ಲ, ಸುತ್ತಿಗೆಯಿಂದ ಒಂದು ಏಟು ಹಾಕಿದೆ. ಹೊರಚಿಪ್ಪು ಎರಡು ಹೋಳಾಯಿತು. ಬ್ಯಾಟರಿ ಮರಳಿಗೆ, ಲಾರಿಯ ದಿನವಾದ್ದರಿಂದ ಬೋರ್ಡು ನೇರ ಮೂಟೆಗೆ, ಅಯಸ್ಕಾಂತ ಅದರ ಡಬ್ಬಕ್ಕೆ, ತಾಮ್ರದ ಸುರುಳಿ ಲೂದಿಸ್ ಕಡೆಗೆ. ಎರಡು ನಿಮಿಷವೂ ಹಿಡಿಯಲಿಲ್ಲ. ಆ ಗುಂಯ್ ಸದ್ದನ್ನು ನಾನು ಎರಡು ವರ್ಷದಿಂದ ದಿನಾ ಕೇಳುತ್ತಿದ್ದೆ. ಆದರೆ ಅದರ ಜೊತೆ ಯಾವಾಗಲೂ ಒಂದು ಬಾಯಿ ಇರುತ್ತಿತ್ತು. ಯಂತ್ರ ಯಾವಾಗಲೂ ಅವರ ಮುಷ್ಟಿಯೊಳಗೇ ಇರುತ್ತಿತ್ತು. ಅದು ಹೇಗಿದೆ ಎಂದು ನಾನು ಒಂದು ದಿನವೂ ಕಣ್ಣೆತ್ತಿ ನೋಡಿರಲಿಲ್ಲ.

ಮೂರೂವರೆಗೆ ಗಂಡ ಹೆಂಡತಿ ಇಬ್ಬರೂ ಬಂದರು. ಎಲಿಯೆಸೆರ್ ಅಂಗಿಯ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡಿದ್ದರು. ಕೈಯಲ್ಲಿ ಒಂದು ಶೇವಿಂಗ್ ಮಷೀನು. ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಆಮೇಲೆ ಅವರೇ ಹೇಳಿದ್ದು: ನಿದ್ದೆಯಿಂದ ಎದ್ದು ಎಂದಿನಂತೆ ಮಂಚದ ಪಕ್ಕ ಕೈಚಾಚಿ ಎತ್ತಿಕೊಂಡರಂತೆ, ಗದ್ದಕ್ಕೆ ಒತ್ತಿ, ಹೆಂಡತಿಯ ಹೆಸರು ಕರೆದರಂತೆ. ಏನೂ ಕೇಳಲಿಲ್ಲ. ಮತ್ತೆ ಒತ್ತಿದರಂತೆ. ಮೂರನೇ ಸಲ ಒತ್ತುವಾಗ ಕೈಯಲ್ಲಿರುವುದು ಮೂರು ವರ್ಷದಿಂದ ಕೆಟ್ಟು ಕೂತಿದ್ದ ಶೇವಿಂಗ್ ಮಷೀನು ಎಂದು ಗೊತ್ತಾಯಿತಂತೆ.

"ಎದಿಲ್ಮಾ, ಕೆಟ್ಟಿದ್ದನ್ನ ಮನೇಲಿ ಬಿಟ್ಟು ಸರಿಯಾಗಿದ್ದನ್ನ ಕೊಟ್ಟುಬಿಟ್ಟೆ" ಎಂದು ನಿಕೊಲಾಸಾ ನನ್ನ ತೋಳು ಹಿಡಿದುಕೊಂಡರು. "ಕೊಟ್ಟುಬಿಡು ತಾಯಿ, ಕೊಟ್ಟುಬಿಡು. ಇನ್ನೊಂದು ಬರೋಕೆ ಮತ್ತೆ ಒಂದು ವರ್ಷ. ಅಲ್ಲೀವರೆಗೆ ಇವರು ಬಾಯಿ ಮುಚ್ಕೊಂಡು ಗೋಡೆ ನೋಡ್ತಾ ಕೂತ್ರೆ ನಾನು ನೋಡ್ಲಾರೆ. ಒಂದ್ಸಲ ನೋಡಿದೀನಿ, ಸಾಕು."

ಹೆದರಿದಾಗ ನನಗೆ ಮೊದಲು ಬರುವುದು ಸಿಟ್ಟು. "ಕಣ್ಣು ಕಾಣಲ್ವಾ ನಿಮ್ಗೆ?" ಎಂದು ಕಿರುಚಿಬಿಟ್ಟೆ.

"ಇಲ್ಲ ಕಣಮ್ಮ" ಅಂದರು ನಿಕೊಲಾಸಾ, ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರಂತೆ. "ಎರಡರಲ್ಲೂ ಪೊರೆ ಬಂದಿದೆ. ಎಡಗಡೇದು ಪೂರ್ತಿ ಹೋಗಿದೆ, ಬಲಗಡೆ ಅರ್ಧ. ಆಪರೇಷನ್‌ಗೆ ಹೆಸರು ಬರೆಸಿದೀವಿ."

ನೆಲ ಬಾಯಿಬಿಡಬಾರದೇ ಎನ್ನಿಸಿತು. ಮೇಜಿನ ಸುತ್ತ ನಾಲ್ಕು ಜನ ಇದ್ದೆವು. ಯಾರು ಬಿಚ್ಚಿದ್ದು ಎಂದು ಯಾರೂ ಬಾಯಿಬಿಡುತ್ತಿರಲಿಲ್ಲ, ಲೂದಿಸ್ ಅಂತೂ ಸತ್ತರೂ ಹೇಳುವವಳಲ್ಲ. ಆದರೆ ಅಮ್ಮನ ಹೆಸರನ್ನು ಕೂಗಿದ ಮನುಷ್ಯ ಎದುರಿಗೆ ಬಾಯಿ ತೆರೆದು ಮುಚ್ಚುತ್ತಾ ನಿಂತಿದ್ದರು. ನಾನು ಎರಡು ಕೈಯನ್ನೂ ಮುಂದೆ ಚಾಚಿದೆ.

"ಈ ಕೈ ಬಿಚ್ಚಿದ್ದು, ಸೆನ್ಯೋರ್ ಎಲಿಯೆಸೆರ್. ಬಿಚ್ಚಿ ಏಳು ಡಬ್ಬಕ್ಕೆ ಹಾಕ್ಬಿಟ್ಟೆ. ಸುತ್ತಿಗೆಯಲ್ಲಿ ಬೇರೆ ಹೊಡೆದೆ. ಬೈಯಿರಿ ನನಗೆ."

ಬೈಯುವುದಾದರೂ ಹೇಗೆ? ಅವರು ಸುತ್ತ ನೋಡಿದರು. ಒಂದು ರಟ್ಟಿನ ಚೂರು ಎತ್ತಿಕೊಂಡು, ಮೂಟೆಗೆ ಗುರುತು ಹಾಕುವ ಪೆನ್ನಿನಿಂದ ದೊಡ್ಡ ಅಕ್ಷರದಲ್ಲಿ ಬರೆದರು: ‘ಬೈಗುಳ ಆಮೇಲೆ. ಮೊದಲು ಹುಡುಕು.’

ಅಷ್ಟರಲ್ಲಿ ಲಾರಿಯವನು ಬೋರ್ಡಿನ ಮೂಟೆಗಳನ್ನು ಏರಿಸಲು ಶುರುಮಾಡಿದ್ದ. ನಾನು ಓಡಿಹೋಗಿ ಹಿಂದಿನ ಹಲಗೆಯ ಮೇಲೆ ಹತ್ತಿ ಕೂತೆ.

"ಇಳಿಯಮ್ಮ, ನಾನು ಇವತ್ತು ರಾತ್ರೀನೇ ಬರಾಂಕಿಯಾ ಸೇರ್ಬೇಕು" ಅಂದ ಅವನು.

"ನನ್ನನ್ನೂ ತೂಕ ಹಾಕಿಸ್ಕೊಂಡು ಹೋಗು ಹಾಗಾದ್ರೆ. ಇವತ್ತಿನ ಮೂಟೆ ಇಳಿಸೋವರೆಗೂ ನಾನಂತೂ ಕದಲಲ್ಲ."

ಅವನು ಎಲಿಯೆಸೆರ್ ಕೈಯಲ್ಲಿದ್ದ ರಟ್ಟನ್ನು ಓದಿದ, ನನ್ನ ಮುಖ ನೋಡಿದ, ಗೊಣಗುತ್ತ ಕೊನೆಯ ಮೂಟೆಯನ್ನು ಇಳಿಸಿಕೊಟ್ಟ.

ಲೂದಿಸ್ ತಾಡಪಾಲು ಹಾಸಿ ಮೂಟೆಯನ್ನು ಸುರಿಯಲು ಹೋದಳು. "ಸುರೀಬೇಡ!" ಎಂದು ತಡೆದೆ. ಮೂಟೆಯಲ್ಲಿ ಇಡೀ ದಿನ ಪದರ ಪದರವಾಗಿ ಕೂತಿರುತ್ತದೆ; ಬೆಳಿಗ್ಗೆಯದು ತಳದಲ್ಲಿ, ಸಂಜೆಯದು ಮೇಲೆ. ಸುರಿದರೆ ಎಲ್ಲ ಕಲಸಿಹೋಗುತ್ತದೆ. ಮೀನಿನ ಹೊಟ್ಟೆ ಸೀಳುವಂತೆ ಚಾಕುವಿನಿಂದ ಮೂಟೆಯ ಪಕ್ಕವನ್ನು ಮೇಲಿಂದ ಕೆಳಕ್ಕೆ ಸೀಳಿದೆ. ನೀಲಿ ರೇಡಿಯೋ ಆದಮೇಲೆ ಅದನ್ನು ಬಿಚ್ಚಿದ್ದೆ, ಅದಾದಮೇಲೆ ಫೋನು. ಮೇಲಿಂದ ಒಂದೊಂದೇ ತೆಗೆಯುತ್ತಾ ಬಂದೆ. ಫೋನಿನ ಬೋರ್ಡು ಸಿಕ್ಕಿತು. ಅದರ ಕೆಳಗೆ ಎರಡು ಬೆರಳಗಲದ ಹಸಿರು ತುಂಡು, ಮಧ್ಯೆ ಬಿಳಿ ಗುಂಡಿ. ಅದನ್ನು ಎತ್ತಿ ಹಿಡಿದಾಗ ನಿಕೊಲಾಸಾ ಶಿಲುಬೆಯ ಗುರುತು ಮಾಡಿಕೊಂಡರು.

ಉಳಿದದ್ದಕ್ಕೆ ಒಂದು ಗಂಟೆ ಹಿಡಿಯಿತು. ಅಯಸ್ಕಾಂತಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಇಬ್ಬರು ಎರಡು ಕಡೆಯಿಂದ ಇಕ್ಕಳ ಹಿಡಿದು ಜಗ್ಗಬೇಕಾಯಿತು. ತಾಮ್ರದ ಸುರುಳಿಯನ್ನು ಲೂದಿಸ್ ಇನ್ನೂ ಬಿಚ್ಚಿರಲಿಲ್ಲ, ಮಡಿಲಲ್ಲಿಟ್ಟುಕೊಂಡು ಹರಟೆ ಹೊಡೆಯುತ್ತಿದ್ದಳಂತೆ. ಅವಳ ಸೋಮಾರಿತನಕ್ಕೆ ನಾನು ದಿನಾ ಶಾಪ ಹಾಕುತ್ತಿದ್ದವಳು, ಅಂದು ಅವಳ ಕೆನ್ನೆಗೆ ಮುತ್ತುಕೊಟ್ಟೆ. ಯಂತ್ರದ ತುದಿಯಲ್ಲಿ ನಡುಗುವ ತೆಳ್ಳನೆಯ ಬಿಲ್ಲೆ ಮಾತ್ರ ಎಲ್ಲೂ ಸಿಗಲಿಲ್ಲ. ನನ್ನ ಸುತ್ತಿಗೆಯ ಏಟಿಗೆ ಪುಡಿಯಾಗಿರಬೇಕು.

ಸಿಕ್ಕಿದ್ದನ್ನೆಲ್ಲ ಒಂದು ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿಕೊಂಡು ಹೊರಟೆ. ಹೋಗಬೇಕಾದದ್ದು ನಯೀಮ್‌ನ ಅಂಗಡಿಗೆ. ಅವನ ಅಜ್ಜ ಸಿರಿಯಾದಿಂದ ಬಂದವನು. ನಯೀಮ್ ರೇಡಿಯೋ ಟಿವಿ ರಿಪೇರಿ ಮಾಡುತ್ತಾನೆ. ನಮ್ಮ ಸಂಘ ಶುರುವಾದಾಗಿನಿಂದ ಅವನಿಗೂ ನನಗೂ ಎಣ್ಣೆ ಸೀಗೆಕಾಯಿ. ರಿಪೇರಿಗೆ ಬರಬೇಕಾದದ್ದನ್ನೆಲ್ಲ ನಾವು ಕಸ ಮಾಡುತ್ತೇವೆ ಎಂದು ಅವನ ದೂರು. "ನಾನು ಡಾಕ್ಟ್ರು, ಇವರು ಹೆಣ ಹೂಳೋರು" ಎಂದು ಮಾರುಕಟ್ಟೆಯಲ್ಲೆಲ್ಲ ಹೇಳಿಕೊಂಡು ಓಡಾಡುತ್ತಿದ್ದ. ನಾಲ್ಕು ವರ್ಷದಿಂದ ನಾನು ಅವನ ಹೊಸಿಲು ತುಳಿದಿರಲಿಲ್ಲ.

ತಟ್ಟೆಯ ಮೇಲಿನ ಬಟ್ಟೆ ಸರಿಸಿ ನೋಡಿ ನಯೀಮ್ ನಕ್ಕ. "ಕೋಳೀನ ಕೊಯ್ದು ತಂದು ಮೊಟ್ಟೆ ಇಡಿಸು ಅಂತಿದೀಯಲ್ಲೇ ಎದಿಲ್ಮಾ."

"ನಗು, ಎಷ್ಟು ಬೇಕಾದ್ರೂ ನಗು. ಇದು ಇವರ ದನಿ."

ನನ್ನ ಹಿಂದೆ ನಿಂತಿದ್ದ ಎಲಿಯೆಸೆರ್ ಅವರನ್ನು ಅವನು ಆಗ ನೋಡಿದ. ಎದ್ದು ನಿಂತು ಟೋಪಿ ತೆಗೆದ. "ನಮ್ಮಪ್ಪ ಹೋದಾಗ ಇವರೇ ಕೂಗಿದ್ದು" ಅಂದ. ಮತ್ತೆ ನಗಲಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದು ದೀಪ ಹಾಕಿದ.

ಸುರುಳಿಯ ತಂತಿ ಎರಡು ಕಡೆ ತುಂಡಾಗಿತ್ತು. ಕೂದಲಿನಷ್ಟು ತೆಳುವಾದ ತಂತಿ. ಅವನು ಉಸಿರು ಹಿಡಿದು ಬೆಸುಗೆ ಹಾಕಿದ. ಒಡೆದ ಚಿಪ್ಪಿನ ಬದಲು ಒಂದು ಟಾರ್ಚಿನ ಕೊಳವೆ ಕೊರೆದ. ಕೊನೆಗೆ ಬಿಲ್ಲೆಯ ವಿಷಯಕ್ಕೆ ಬಂದು ತಲೆ ಕೆರೆದುಕೊಂಡ. ಶನಿವಾರ ಬೆಳಿಗ್ಗೆ ನಾನು ಮತ್ತೆ ಹೋದಾಗಲೂ ತಲೆ ಕೆರೆದುಕೊಳ್ಳುತ್ತಲೇ ಇದ್ದ.

"ತೆಳ್ಳಗಿರ್ಬೇಕು, ಗುಂಡಗಿರ್ಬೇಕು, ನಡುಗ್ಬೇಕು, ಆದ್ರೆ ಮುರೀಬಾರ್ದು" ಅಂದ. "ಅಂಥದ್ದು ನನ್ನ ಹತ್ರ ಇಲ್ಲ. ನೀನು ಸಾವಿರಾರು ಮಷೀನಿನ ಹೊಟ್ಟೆ ನೋಡಿದೀಯ. ಹೇಳು, ಎಲ್ಲಿರುತ್ತೆ?"

ಆ ಪ್ರಶ್ನೆ ಕೇಳಿದ್ದೇ ನನ್ನ ಬೆರಳುಗಳಿಗೆ ನೆನಪಾಯಿತು. ಹಳೆಯ ಕಾಲದ, ಬೆರಳಿಟ್ಟು ತಿರುಗಿಸುವ ಕಪ್ಪು ಟೆಲಿಫೋನು. ಕಿವಿಗೆ ಹಿಡಿಯುವ ಕಡೆ ಒಂದು ತಗಡಿನ ಬಿಲ್ಲೆ ಇರುತ್ತದೆ. ತೆಗೆದು ನೆಲಕ್ಕೆ ಬಿಟ್ಟರೆ ನಾಣ್ಯದಂತೆ ಹಾಡುತ್ತದೆ. ಅಂಥವನ್ನು ನಾನು ಎಷ್ಟು ಕಬ್ಬಿಣದ ಡಬ್ಬಕ್ಕೆ ಎಸೆದಿದ್ದೇನೋ! ಶೆಡ್ಡಿಗೆ ಓಡಿದೆ. ಇನ್ನೂ ಬಿಚ್ಚದ ಮೂರು ಟೆಲಿಫೋನು ಮೂಲೆಯಲ್ಲಿದ್ದವು. ಜೀವಮಾನದಲ್ಲಿ ಮೊದಲ ಸಲ, ಮುರಿಯಬಾರದು ಎಂದುಕೊಂಡು ಒಂದು ವಸ್ತುವನ್ನು ಬಿಚ್ಚಿದೆ. ಮೊದಲನೆಯದು ತುಕ್ಕು ಹಿಡಿದಿತ್ತು, ಎರಡನೆಯದು ದೊಡ್ಡದಾಯಿತು. ಮೂರನೆಯದು ಟಾರ್ಚಿನ ಬಾಯಿಗೆ ಹೇಳಿ ಮಾಡಿಸಿದಂತೆ ಕೂತಿತು.

"ಹೆಣ ಹೂಳೋರಿಗೂ ಒಂದಿಷ್ಟು ವೈದ್ಯ ಗೊತ್ತು" ಅಂದ ನಯೀಮ್. ಅವನ ಬಾಯಲ್ಲಿ ಅದು ಹೊಗಳಿಕೆ. ಈಗ ಅವನು ಪ್ರತಿ ಮಂಗಳವಾರ ನಮ್ಮ ಮೇಜಿಗೆ ಬಂದು ಕೂರುತ್ತಾನೆ, ಬಂದ ವಸ್ತುಗಳನ್ನು ಮೊದಲು ಅವನು ನೋಡಿ, ರಿಪೇರಿಯಾಗದ್ದನ್ನು ಆಮೇಲೆ ನಮ್ಮ ಕೈಗೆ ಕೊಡುತ್ತಾನೆ.

ಹನ್ನೊಂದು ಗಂಟೆಯ ಹೊತ್ತಿಗೆ ಎಲಿಯೆಸೆರ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದರು. ನಿಕೊಲಾಸಾ ಅವರ ಪಕ್ಕದಲ್ಲಿ, ಮಡಿಲಲ್ಲಿ ಕೈಯಿಟ್ಟುಕೊಂಡು. ಹಿಂದಿನ ಸಂಜೆಯಿಂದ ಅವರು ಒಂದು ಮಾತೂ ಆಡಿರಲಿಲ್ಲವಂತೆ, ಗಂಡನಿಗಿಲ್ಲದ ಮಾತು ತನಗೂ ಬೇಡ ಎಂದು. ನಯೀಮ್ ಯಂತ್ರ ಕೊಟ್ಟ. ಎಲಿಯೆಸೆರ್ ಅದನ್ನು ಗದ್ದದ ಕೆಳಗೆ ಒತ್ತಿ ಗುಂಡಿ ಹಿಡಿದರು. ಕರ್ ಎಂದಿತು, ನಿಂತಿತು. ನಯೀಮ್ ಒಂದು ಸ್ಕ್ರೂ ಕಾಲು ಸುತ್ತು ತಿರುಗಿಸಿದ. ಮತ್ತೆ ಒತ್ತಿದರು.

"ನಿಕೊಲಾಸಾ, ಕಾಫಿ ಇದ್ಯಾ?"

ಹಳೆಯ ತಗಡಿನ ದನಿಯಾಗಿರಲಿಲ್ಲ ಅದು. ಅದಕ್ಕಿಂತ ತಗ್ಗಿನದು, ಎದೆಯಿಂದ ಬಂದಂತೆ ಇತ್ತು. ನಿಕೊಲಾಸಾ ಮೊದಲು ಗಾಬರಿಯಾಗಿ ಆಚೀಚೆ ನೋಡಿದರು, ಆಮೇಲೆ ಗಂಡನ ಮುಖ ತಡವಿದರು.

"ಯಾರಪ್ಪ ಇವ್ನು ಹೊಸಬ?" ಅಂದರು. "ನನ್ನ ಗಂಡ ಬರೋದ್ರೊಳಗೆ ಹೋಗಿಬಿಡು ಮಾರಾಯ."

ನಾವೆಲ್ಲ ನಕ್ಕು ನಕ್ಕು ಕಣ್ಣು ಒರೆಸಿಕೊಂಡೆವು. ನಾನು ಒರೆಸಿಕೊಂಡದ್ದು ನಗುವಿನ ನೀರಷ್ಟೇ ಅಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನದಿಯಲ್ಲಿ ಮುಳುಗುತ್ತಿದ್ದವಳನ್ನು ದಡಕ್ಕೆ ಎಳೆದು ಹಾಕಿದಂತೆ ಆಗಿತ್ತು ನನಗೆ. ದೇವರಿಗೆ, ನಯೀಮ್‌ಗೆ, ಗೊಣಗುತ್ತಲೇ ಮೂಟೆ ಇಳಿಸಿದ ಲಾರಿಯವನಿಗೆ, ಲೂದಿಸ್‌ಳ ಸೋಮಾರಿತನಕ್ಕೆ, ಎಲ್ಲಕ್ಕೂ ಮನಸ್ಸಿನಲ್ಲೇ ಕೈಮುಗಿದೆ.

ಹೊರಡುವಾಗ ಎಲಿಯೆಸೆರ್ ನನ್ನ ಕಡೆ ತಿರುಗಿದರು. ಯಂತ್ರವನ್ನು ಒತ್ತಿಕೊಂಡು, "ಬೈಗುಳ ಬಾಕಿ ಇದೆ" ಅಂದರು. "ಮರೆತಿಲ್ಲ. ಭಾನುವಾರ."

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಹತ್ತಲಿಲ್ಲ. ಊರ ಮುಂದೆ ಬೈಯುತ್ತಾರೆ, ಬೈಯಲಿ, ಅದಕ್ಕೆ ನಾನು ಯೋಗ್ಯಳೇ ಎಂದುಕೊಂಡೆ. ಆದರೂ ಬೆಳಿಗ್ಗೆ ಚರ್ಚಿನ ಪೂಜೆಗೆ ಹೋಗುವ ಧೈರ್ಯವಾಗಲಿಲ್ಲ. ಹಿತ್ತಿಲಲ್ಲಿ ಕೂತು ಮಧ್ಯಾಹ್ನದ ಸಾರಿಗೆ ಮೀನು ಉಜ್ಜುತ್ತಿದ್ದೆ.

ಒಂಬತ್ತು ಗಂಟೆಗೆ ಗಾಡಿ ನಮ್ಮ ಬೀದಿಯ ಮೂಲೆಯಲ್ಲಿ ನಿಂತ ಸದ್ದು ಕೇಳಿತು. ಧ್ವನಿವರ್ಧಕ ಒಮ್ಮೆ ಕೀರಲಿಟ್ಟಿತು. ಆಮೇಲೆ ಆ ಹೊಸ ತಗ್ಗಿನ ದನಿ, ನಿಧಾನವಾಗಿ, ಒಂದೊಂದೇ ಪದ:

"ಸೆನ್ಯೋರಾ. ಎದಿಲ್ಮಾ ರೋಸಾ. ನೆಗ್ರೆತೆ ಬಯೆಸ್ತಾ."

ಅಷ್ಟು ಹೇಳಿ ನಿಂತಿತು. ಹೊಸ ಯಂತ್ರದ ಗುಂಡಿ ಗಟ್ಟಿ. ಬೆರಳು ಸೋತಾಗ ಬಿಟ್ಟು ಮತ್ತೆ ಒತ್ತಬೇಕು. ನನಗೆ ಅದು ಗೊತ್ತಿತ್ತು, ಬೀದಿಗೆ ಗೊತ್ತಿರಲಿಲ್ಲ. ಪೂರ್ತಿ ಹೆಸರು, ಎರಡೂ ಮನೆತನ, ಜೊತೆಗೆ ಸೆನ್ಯೋರಾ. ಬಾಗಿಲುಗಳು ದಡದಡ ತೆರೆದುಕೊಂಡವು. ಎದುರುಮನೆಯಲ್ಲಿ ಯಾರೋ "ಅಯ್ಯೋ ದೇವ್ರೇ, ನಿನ್ನೆ ಚೆನ್ನಾಗೇ ಇದ್ಲಲ್ಲ!" ಅಂದರು. ಲೂದಿಸ್ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಗೋಳೋ ಎಂದು ಅಳುತ್ತಾ ನಮ್ಮ ಹಿತ್ತಿಲಿಗೆ ನುಗ್ಗಿದಳು. ಅವಳ ಕೈಯಲ್ಲಿ, ಸಾವಿನ ಮನೆಗೆ ಒಯ್ಯುವ ದೊಡ್ಡ ಕಾಫಿ ಪಾತ್ರೆ. ನಾನು ಮೀನು ಹಿಡಿದುಕೊಂಡು ಕೂತಿರುವುದನ್ನು ನೋಡಿ ಅಲ್ಲೇ ಕಲ್ಲಾಗಿ ನಿಂತಳು.

"ನೀನು ಸತ್ತಿಲ್ವೇನೇ?"

"ಇನ್ನೂ ಇಲ್ಲ ಕಣೇ. ಕಾಫಿಗೆ ಸಕ್ಕರೆ ಹಾಕಿದೀಯಾ?"

ಅಷ್ಟರಲ್ಲಿ ಎಲಿಯೆಸೆರ್ ಮತ್ತೆ ಗುಂಡಿ ಒತ್ತಿದರು. "ಸೆನ್ಯೋರಾ ಫೆಲಿಪಾ ಬಯೆಸ್ತಾ ಹೇನೆಸ್ ಅವರ ಮಗಳು. ಜೀವಂತವಾಗಿದ್ದಾರೆ. ನಮ್ಮ ಊರಿನ ಕೆಟ್ಟ ಯಂತ್ರಗಳನ್ನು ಬಿಚ್ಚುತ್ತಾರೆ. ಮೊನ್ನೆ ನನ್ನ ದನಿಯನ್ನೂ ಬಿಚ್ಚಿದರು. ತಾವೇ ಬಿಚ್ಚಿದ್ದೆಂದು ನನ್ನ ಮುಖ ನೋಡಿ ಹೇಳಿದರು. ಆಮೇಲೆ ಏಳು ಡಬ್ಬದಿಂದ ಹುಡುಕಿ, ಈಗ ನೀವು ಕೇಳುತ್ತಿರುವ ದನಿಯನ್ನು ಕೊಟ್ಟರು. ಅವರಿಗೆ ನಾನು ಕೊಡುವ ಬೈಗುಳ ಇದೇ."

ಲೂದಿಸ್ ಅಳುತ್ತಲೇ ನಗುತ್ತಲೇ ಕಾಫಿ ಬಗ್ಗಿಸಿದಳು. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಒಳಗೆ ಬಂದರು, ನಾನು ಸತ್ತಿಲ್ಲ ಎನ್ನುವುದನ್ನು ಮುಟ್ಟಿ ನೋಡಿಕೊಂಡರು. ಗಾಡಿ ಮುಂದಿನ ಮೂಲೆಗೆ ಹೋಗಿ ಮತ್ತೆ ಮೊದಲಿಂದ ಶುರುಮಾಡಿತು.

ಅಮ್ಮನ ಪೂರ್ತಿ ಹೆಸರನ್ನು ಊರೆಲ್ಲ ಕೇಳಿತ್ತು, ಅವಳೊಬ್ಬಳನ್ನು ಬಿಟ್ಟು. ನನ್ನ ಹೆಸರು ಎರಡನೇ ಸಲ ಬರುವಾಗ ನಾನು ಎದ್ದುಹೋಗಿ ಬಾಗಿಲಲ್ಲಿ ನಿಂತುಕೊಂಡು ಕೊನೆಯವರೆಗೂ ಕೇಳಿದೆ. ಕೈಯಲ್ಲಿ ಇನ್ನೂ ಮೀನಿನ ಹುರುಪೆ ಅಂಟಿಕೊಂಡಿತ್ತು.